ಹತ್ತನೆಯ ತರಗತಿಯ ನಂತರ: ಇಮಾಮರ ವಿದ್ಯಾರ್ಥಿ ಜೀವನದಲ್ಲಿ ನಮಗಿರುವ ಪಾಠ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಸಮುದಾಯದ ಬಹುತೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಮುಂದೇನು? ಕೆಲವು ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಮಗ ಮಾವನ ಅಂಗಡಿಗೆ, ಮಗಳು ಅಡುಗೆಮನೆಗೆ. ಇನ್ನು ಕೆಲವು ಮನೆಗಳಲ್ಲಿ ನೆರೆಮನೆಯ ಹುಡುಗ ಯಾವ ವಿಷಯ ತೆಗೆದುಕೊಂಡನೋ ಅದೇ ವಿಷಯಕ್ಕೆ ಅರ್ಜಿ ಬೀಳುತ್ತದೆ.

ಹಿಂದೊಮ್ಮೆ ಇಂಥದೇ ದಿನಗಳಲ್ಲಿ ಒಬ್ಬ ತಂದೆ ತಮ್ಮ ಮಗನನ್ನು ಕರೆದುಕೊಂಡು ನನ್ನ ಬಳಿಗೆ ಬಂದಿದ್ದರು. ಹುಡುಗ ಒಳ್ಳೆಯ ಅಂಕ ಪಡೆದಿದ್ದ. "ಉಸ್ತಾದರೇ, ಓದಿಸುವ ಆಸೆ ನನಗೂ ಇದೆ. ಆದರೆ ಮನೆ ನಡೆಯಬೇಕಲ್ಲ" ಎಂದರು. ಆ ಮಾತಿನಲ್ಲಿ ವಿದ್ಯೆಯ ಕುರಿತು ತಿರಸ್ಕಾರವಿರಲಿಲ್ಲ, ಅಸಹಾಯಕತೆಯಿತ್ತು. ಅವರಿಗೆ ಉಪದೇಶ ಮಾಡುವ ಮನಸ್ಸು ನನಗಾಗಲಿಲ್ಲ. ನಮ್ಮ ಇತಿಹಾಸದಲ್ಲಿ ಇದೇ ಮಾತನ್ನು ಆಡಿದ ಇನ್ನೊಬ್ಬ ತಂದೆಯ ವೃತ್ತಾಂತವನ್ನು ಹೇಳಿದೆ.

ಕೂಫಾದ ಬಡ ತಂದೆ

ಹಿಜರಿ ಎರಡನೆಯ ಶತಮಾನದಲ್ಲಿ ಇರಾಕಿನ ಕೂಫಾ ನಗರದಲ್ಲಿ ಯಅ್‌ಕೂಬ್ ಎಂಬ ಬಾಲಕನಿದ್ದ. ಕಡು ಬಡತನದ ಮನೆ. ಅವನು ಇಮಾಮ್ ಅಬೂ ಹನೀಫಾ(ರ)ರವರ ಪಾಠಕೂಟಕ್ಕೆ ಹೋಗಿ ಕೂರುತ್ತಿದ್ದ. ಒಂದು ದಿನ ತಂದೆ ಅಲ್ಲಿಗೆ ಬಂದು ಅವನನ್ನು ಎಬ್ಬಿಸಿಕೊಂಡು ಹೋದರು. ಅಬೂ ಹನೀಫಾರವರಿಗೆ ಊಟಕ್ಕೆ ಕೊರತೆಯಿಲ್ಲ, ನೀನಾದರೋ ದುಡಿದು ತಿನ್ನಬೇಕಾದವನು ಎಂಬುದು ತಂದೆಯ ವಾದವಾಗಿತ್ತು. ಮಗ ವಿಧೇಯನಾಗಿ ಪಾಠ ಬಿಟ್ಟ. ಅವನನ್ನು ತಡೆದವರು ತಾಯಿ ಎಂದು ಹೇಳುವ ವರದಿಯೂ ಇದೆ.

ಕೆಲವು ದಿನಗಳ ಬಳಿಕ ಇಮಾಮರು ಆ ಹುಡುಗ ಎಲ್ಲಿ ಎಂದು ವಿಚಾರಿಸಿದರು. ವಿಷಯ ತಿಳಿದಾಗ ತಂದೆಯನ್ನು ದೂಷಿಸಲಿಲ್ಲ. ಹುಡುಗನ ಕೈಗೆ ನೂರು ದಿರ್ಹಮ್‌ಗಳ ಒಂದು ಥೈಲಿಯನ್ನು ಕೊಟ್ಟು, ಪಾಠ ತಪ್ಪಿಸಬೇಡ, ಇದು ಮುಗಿದಾಗ ತಿಳಿಸು ಎಂದರು. ಆದರೆ ತಿಳಿಸುವ ಸಂದರ್ಭವೇ ಬರಲಿಲ್ಲ. ಹಣ ಮುಗಿಯುವ ಹೊತ್ತಿಗೆ ಇಮಾಮರೇ ಮತ್ತೆ ಕೊಡುತ್ತಿದ್ದರು. ಆ ಹುಡುಗನೇ ಮುಂದೆ ಇಮಾಮ್ ಅಬೂ ಯೂಸುಫ್(ರ) ಎಂದು ಪ್ರಸಿದ್ಧರಾದರು. ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು. ರಾಜ್ಯದ ತೆರಿಗೆ ಹಾಗೂ ಆದಾಯದ ಕುರಿತು 'ಕಿತಾಬುಲ್ ಖರಾಜ್' ಎಂಬ ಗ್ರಂಥವನ್ನು ರಚಿಸಿದರು.

ಈ ವೃತ್ತಾಂತದಲ್ಲಿ ನಾವು ಸಾಮಾನ್ಯವಾಗಿ ಶಿಷ್ಯನ ಸಾಧನೆಯನ್ನು ಮಾತ್ರ ನೋಡುತ್ತೇವೆ. ಗುರುವಿನ ವಿಚಾರಣೆಯನ್ನೂ ನೋಡಬೇಕು. ಒಬ್ಬ ಹುಡುಗ ಪಾಠಕ್ಕೆ ಬಾರದಿದ್ದಾಗ ಅವನೇಕೆ ಬರಲಿಲ್ಲ ಎಂದು ಕೇಳುವ ಒಬ್ಬರು ಕೂಫಾದಲ್ಲಿದ್ದರು. ನಮ್ಮ ಮೊಹಲ್ಲಾಗಳಲ್ಲಿ ಆ ಪ್ರಶ್ನೆ ಕೇಳುವವರು ಯಾರು?

ವಿಷಯದ ಆಯ್ಕೆ

ಸ್ವತಃ ಇಮಾಮ್ ಅಬೂ ಹನೀಫಾ(ರ)ರವರು ವಿದ್ಯೆಯ ಹಾದಿಗೆ ಬಂದುದು ಬಟ್ಟೆ ವ್ಯಾಪಾರದ ನಡುವಿನಿಂದ. ಯುವಕನಾಗಿದ್ದಾಗ ಅವರು ಬಜಾರಿಗೆ ಹೋಗುತ್ತಿದ್ದುದನ್ನು ಕಂಡ ವಿದ್ವಾಂಸ ಶಅ್‌ಬೀ(ರ)ರವರು, ನಿನ್ನಲ್ಲಿ ಚುರುಕುತನ ಕಾಣುತ್ತಿದೆ, ವಿದ್ವಾಂಸರ ಸಹವಾಸ ಮಾಡು ಎಂದು ಸೂಚಿಸಿದರು. ಮೊದಲು ಅವರ ಒಲವು ತರ್ಕ ಮತ್ತು ವಾದಗಳ ಕಡೆಗಿತ್ತು. ಒಮ್ಮೆ ಓರ್ವ ಮಹಿಳೆ ಬಂದು ತಲಾಕಿನ ಕುರಿತು ಒಂದು ಪ್ರಶ್ನೆ ಕೇಳಿದಾಗ ಅವರಿಗೆ ಉತ್ತರ ತಿಳಿಯಲಿಲ್ಲ. ಹಮ್ಮಾದ್(ರ)ರವರ ಬಳಿ ಕೇಳುವಂತೆ ಆಕೆಯನ್ನು ಕಳುಹಿಸಿದರು. ಜನರ ಬದುಕಿಗೆ ಬೇಕಾದ ವಿದ್ಯೆ ಯಾವುದೆಂದು ಅಂದು ಅವರಿಗೆ ಮನದಟ್ಟಾಯಿತು. ಹಮ್ಮಾದರ ಪಾಠಕೂಟವನ್ನು ಸೇರಿದ ಅವರು ಸುಮಾರು ಹದಿನೆಂಟು ವರ್ಷ, ಗುರುಗಳ ಮರಣದವರೆಗೆ, ಅವರನ್ನು ಬಿಡಲಿಲ್ಲ. ವ್ಯಾಪಾರವನ್ನೂ ಪೂರ್ಣವಾಗಿ ಕೈಬಿಡಲಿಲ್ಲ. ಅಬೂ ಯೂಸುಫರ ಕೈ ಸೇರಿದ ಥೈಲಿ ಆ ವ್ಯಾಪಾರದ ಸಂಪಾದನೆಯೇ.

ವಿದ್ಯಾರ್ಥಿಗಳ ಶಿಷ್ಟಾಚಾರದ ಕುರಿತು ಸುಮಾರು 800 ವರ್ಷಗಳ ಹಿಂದೆ ಇಮಾಮ್ ಝರ್ನೂಜೀ(ರ)ರವರು ಬರೆದ 'ತಅ್‌ಲೀಮುಲ್ ಮುತಅಲ್ಲಿಮ್' ಎಂಬ ಕಿರುಗ್ರಂಥ ನಮ್ಮ ಅನೇಕ ಮದರಸಾಗಳಲ್ಲಿ ಇಂದಿಗೂ ಪಾಠವಾಗುತ್ತದೆ. ವಿಷಯ, ಗುರು ಮತ್ತು ಸಹಪಾಠಿ, ಈ ಮೂರರ ಆಯ್ಕೆಗೆ ಅವರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಬುಖಾರಾಕ್ಕೆ ಓದಲು ಹೋಗುವವನು ಕೂಡಲೇ ಯಾವುದೋ ಪಾಠಕ್ಕೆ ಸೇರಿಬಿಡಬಾರದು, ಎರಡು ತಿಂಗಳು ವಿಚಾರಿಸಿ, ಯೋಚಿಸಿ ಗುರುವನ್ನು ಆರಿಸಬೇಕು ಎಂಬ ಹಿರಿಯರೊಬ್ಬರ ಸಲಹೆಯನ್ನು ಅವರು ದಾಖಲಿಸಿದ್ದಾರೆ. ಅವಸರದಿಂದ ಸೇರಿ ನಡುವೆ ಬಿಟ್ಟುಹೋದರೆ ವಿದ್ಯೆಯಲ್ಲಿ ಬರಕತ್ ಉಳಿಯದು ಎಂಬುದು ಅದರ ಕಾರಣ. ವಿದ್ಯಾರ್ಥಿಯ ಸ್ವಭಾವಕ್ಕೆ ಯಾವ ವಿಷಯ ಒಗ್ಗುತ್ತದೆಂದು ಅನುಭವಿ ಗುರುವಿಗೆ ತಿಳಿದಿರುತ್ತದೆ, ಆದ್ದರಿಂದ ಅವರೊಡನೆ ಸಮಾಲೋಚಿಸಬೇಕು ಎಂದೂ ಅವರು ಹೇಳುತ್ತಾರೆ.

ಪ್ರವಾದಿವರ್ಯರು(ಸ) ಸಂಗಡಿಗರಿಗೆ ಇಸ್ತಿಖಾರಾ ನಮಾಝನ್ನು ಕಲಿಸಿದರು. ಕುರ್‌ಆನ್ ಸಮಾಲೋಚನೆಯನ್ನು ವಿಶ್ವಾಸಿಗಳ ಗುಣವೆಂದು ಹೊಗಳಿತು. ಇವೆರಡೂ ಜೊತೆಯಾಗಿಯೇ ಸಾಗಬೇಕು. ಯಾರನ್ನೂ ಕೇಳದೆ, ಏನನ್ನೂ ವಿಚಾರಿಸದೆ ಎರಡು ರಕಅತ್ ನಮಾಝ್ ನಿರ್ವಹಿಸಿ ಅರ್ಜಿ ಹಾಕುವುದು ಅರ್ಧ ಸುನ್ನತ್ ಮಾತ್ರ.

ಮದೀನಾದ ಬಾಗಿಲಲ್ಲಿ ಒಂದು ಶಿಫಾರಸು ಪತ್ರ

ಅರ್ಜಿ, ಪ್ರವೇಶ, ಶಿಫಾರಸು ಎಂಬ ಮಾತುಗಳು ಬಂದಾಗಲೆಲ್ಲ ನನಗೆ ಇಮಾಮ್ ಶಾಫಿಈ(ರ)ರವರು ನೆನಪಾಗುತ್ತಾರೆ. ಹಿಜರಿ 150ರಲ್ಲಿ (ಕ್ರಿ.ಶ. 767) ಗಾಝಾದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಗುವನ್ನು ಮಕ್ಕಾಕ್ಕೆ ಕರೆತಂದರು. ಅಧ್ಯಾಪಕರಿಗೆ ಕೊಡಲು ಆ ತಾಯಿಯ ಬಳಿ ಹಣವಿರಲಿಲ್ಲ. ಅಧ್ಯಾಪಕರು ಎದ್ದು ಹೋದಾಗ ಇತರ ಮಕ್ಕಳನ್ನು ನೋಡಿಕೊಳ್ಳುವುದೇ ಶಾಫಿಈಯವರ ಪಾಲಿನ ಶುಲ್ಕವಾಯಿತು. ಬರೆಯಲು ಕಾಗದವಿಲ್ಲದೆ ಎಲುಬುಗಳ ಮೇಲೆ ಬರೆದರು. ಸರಕಾರಿ ಕಚೇರಿಯಲ್ಲಿ ಬಳಸಿ ಬಿಟ್ಟ ಹಾಳೆಗಳನ್ನು ಕೇಳಿ ತಂದು ಅವುಗಳ ಹಿಂಬದಿಯಲ್ಲಿ ಬರೆದರು.

ಮದೀನಾದಲ್ಲಿದ್ದ ಇಮಾಮ್ ಮಾಲಿಕ್(ರ)ರವರಲ್ಲಿ ಕಲಿಯಬೇಕೆಂಬ ಆಸೆ ಅವರಲ್ಲಿ ಮೊಳೆಯಿತು. ಹೊರಡುವ ಮೊದಲು ಮಾಲಿಕ್‌ರವರ 'ಮುವತ್ತಾ' ಗ್ರಂಥವನ್ನು ಎರವಲು ಪಡೆದು ಕಂಠಪಾಠ ಮಾಡಿದರು. ಮಕ್ಕಾದ ರಾಜ್ಯಪಾಲರಿಂದ ಮದೀನಾದ ರಾಜ್ಯಪಾಲರಿಗೆ ಒಂದು ಪತ್ರ, ಇಮಾಮ್ ಮಾಲಿಕ್‌ರಿಗೆ ಇನ್ನೊಂದು ಪತ್ರ ಪಡೆದುಕೊಂಡರು. ಮದೀನಾದ ರಾಜ್ಯಪಾಲರು ಪತ್ರ ಓದಿ ಬೆಚ್ಚಿದರು. ಮಾಲಿಕ್‌ರ ಬಾಗಿಲಿಗೆ ಹೋಗುವುದಕ್ಕಿಂತ ಬರಿಗಾಲಲ್ಲಿ ಮಕ್ಕಾದವರೆಗೆ ನಡೆಯುವುದು ತನಗೆ ಸುಲಭ ಎಂದರು. ಆದರೂ ಜೊತೆಗೆ ಹೋದರು. ಬಹಳ ಹೊತ್ತು ಕಾದ ಬಳಿಕ ಇಮಾಮರು ಹೊರಬಂದರು, ಪತ್ರವನ್ನು ಓದತೊಡಗಿದರು. ಶಿಫಾರಸಿನ ಸಾಲು ಬಂದಾಗ ಪತ್ರವನ್ನು ಎಸೆದುಬಿಟ್ಟರು. ಪ್ರವಾದಿವರ್ಯರ(ಸ) ಜ್ಞಾನವನ್ನು ಪತ್ರಗಳ ಮೂಲಕ ಪಡೆಯುವ ಕಾಲ ಬಂತೇ ಎಂದು ಕೇಳಿದರು.

ರಾಜ್ಯಪಾಲರು ಮೌನವಾದರು. ಆಗ ಆ ಹುಡುಗನೇ ಮುಂದೆ ಬಂದು ತನ್ನ ಪರಿಸ್ಥಿತಿಯನ್ನೂ ತನ್ನ ಆಸೆಯನ್ನೂ ನೇರವಾಗಿ ಹೇಳಿಕೊಂಡ. ಇಮಾಮರು ಅವನನ್ನು ದಿಟ್ಟಿಸಿ ನೋಡಿ ಹೆಸರು ಕೇಳಿದರು. ಅಲ್ಲಾಹನನ್ನು ಭಯಪಡು, ಪಾಪಗಳಿಂದ ದೂರವಿರು, ನಿನಗೆ ದೊಡ್ಡ ಭವಿಷ್ಯವಿದೆ ಎಂದು ಹೇಳಿ, ನಾಳೆ ನಿನಗಾಗಿ ಗ್ರಂಥ ಓದುವವರನ್ನು ಕರೆದುಕೊಂಡು ಬಾ ಎಂದರು. ಮರುದಿನ ಹುಡುಗ ಯಾರನ್ನೂ ಕರೆತರಲಿಲ್ಲ, ತಾನೇ ನೆನಪಿನಿಂದ ಓದಿದ. ಇಮಾಮರಿಗೆ ದಣಿವಾದೀತೆಂದು ನಿಲ್ಲಿಸಲು ಹೊರಟಾಗಲೆಲ್ಲ ಅವರೇ ಇನ್ನೂ ಓದು ಎನ್ನುತ್ತಿದ್ದರು. ಹಿಜರಿ 179ರಲ್ಲಿ ಇಮಾಮ್ ಮಾಲಿಕ್‌ರವರು ನಿಧನರಾಗುವವರೆಗೂ ಆ ಗುರು-ಶಿಷ್ಯ ಸಂಬಂಧ ಮುಂದುವರಿಯಿತು.

ರಾಜ್ಯಪಾಲರ ಪತ್ರ ನೆಲಕ್ಕೆ ಬಿತ್ತು. ಮೊದಲೇ ಮಾಡಿಕೊಂಡಿದ್ದ ಸಿದ್ಧತೆ ಬಾಗಿಲು ತೆರೆಯಿತು. ಇಂದು ಸೀಟಿಗಾಗಿ ಯಾರ ಕೈಕಾಲು ಹಿಡಿಯಬೇಕು ಎಂದು ಅಲೆಯುವ ಹೆತ್ತವರು ಈ ಘಟನೆಯನ್ನು ಮಕ್ಕಳ ಮುಂದೆ ಕುಳಿತು ಹೇಳಬೇಕು. ಅದರೊಡನೆ ತಾಯಿಯ ಪಾತ್ರವನ್ನೂ ಮರೆಯಬಾರದು. ಮುಂದೆ ಶಾಫಿಈಯವರು ಉದ್ಯೋಗಕ್ಕಾಗಿ ಯಮನ್‌ಗೆ ಹೊರಟಾಗ ದಾರಿ ಖರ್ಚಿಗೆ ಆ ತಾಯಿ ಮನೆಯನ್ನೇ ಅಡವಿಟ್ಟರೆಂದು ಚರಿತ್ರೆಕಾರರು ಉಲ್ಲೇಖಿಸಿದ್ದಾರೆ.

ಸಮುದಾಯವು ಹೊರೆ ಹೊತ್ತಾಗ

ವ್ಯಕ್ತಿಗಳ ಔದಾರ್ಯದ ಮೇಲೆ ಮಾತ್ರ ವಿದ್ಯೆ ನಿಲ್ಲದೆಂದು ಅರಿತ ಹಿರಿಯರು ಅದನ್ನು ವಕ್ಫ್‌ನ ಆಧಾರದ ಮೇಲೆ ನಿಲ್ಲಿಸಿದರು. ಸಚಿವ ನಿಝಾಮುಲ್ ಮುಲ್ಕ್ ಸ್ಥಾಪಿಸಿದ ನಿಝಾಮಿಯ್ಯಾ ಮದರಸಾ 1067ರಲ್ಲಿ ಬಾಗ್ದಾದಿನಲ್ಲಿ ಆರಂಭವಾಯಿತು. ಅದೇ ನಗರದಲ್ಲಿ 1234ರಲ್ಲಿ ತೆರೆದ ಮುಸ್ತನ್ಸಿರಿಯ್ಯಾದಲ್ಲಿ ನಾಲ್ಕು ಮದ್ಸ್‌ಹಬ್‌ಗಳ ವಿದ್ಯಾರ್ಥಿಗಳಿಗೂ ಸ್ಥಾನವಿತ್ತು. ಊಟ, ವಸತಿ ಮತ್ತು ಮಾಸಿಕ ಭತ್ಯೆಯೂ ಇತ್ತು. ವೈದ್ಯಶಾಸ್ತ್ರದ ಬೋಧನೆಯೂ ಅಲ್ಲಿ ನಡೆಯುತ್ತಿತ್ತು.

ಇಮಾಮ್ ಗಝಾಲಿ(ರ)ರವರ ಬಾಲ್ಯ ಇದಕ್ಕೆ ಸಾಕ್ಷಿ. ಅವರ ತಂದೆ ಬಡವರು. ಸಾಯುವ ಮೊದಲು ತಮ್ಮ ಅಲ್ಪ ಹಣವನ್ನೂ ಇಬ್ಬರು ಮಕ್ಕಳನ್ನೂ ಓರ್ವ ಸಜ್ಜನ ಸ್ನೇಹಿತನಿಗೆ ಒಪ್ಪಿಸಿದ್ದರು. ಹಣ ಮುಗಿದಾಗ ಆ ಸ್ನೇಹಿತ, ನನ್ನ ಬಳಿ ಏನೂ ಇಲ್ಲ, ಮದರಸಾಕ್ಕೆ ಸೇರಿಕೊಳ್ಳಿ, ಅಲ್ಲಿ ಅನ್ನವಾದರೂ ಸಿಗುತ್ತದೆ ಎಂದರು. ತಾವು ಅಲ್ಲಾಹನಿಗಲ್ಲದೆ ಬೇರೆ ಉದ್ದೇಶಕ್ಕೆ ವಿದ್ಯೆಯನ್ನರಸಿದರೂ, ವಿದ್ಯೆ ಅಲ್ಲಾಹನದಾಗದೆ ಉಳಿಯಲು ಒಪ್ಪಲಿಲ್ಲ ಎಂಬರ್ಥದ ಮಾತನ್ನು ಗಝಾಲಿಯವರು ಮುಂದೆ ಹೇಳುತ್ತಿದ್ದರು. ಅನ್ನಕ್ಕಾಗಿ ಮದರಸಾ ಸೇರಿದ ಆ ಬಾಲಕ 1091ರಲ್ಲಿ ಬಾಗ್ದಾದಿನ ನಿಝಾಮಿಯ್ಯಾಕ್ಕೆ ಅಧ್ಯಾಪಕರಾಗಿ ನೇಮಕಗೊಂಡರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ನಾಚುವ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ.

ಈ ಪರಂಪರೆ ನಮ್ಮ ನಾಡಿಗೂ ಬಂತು. ಬಹಮನಿ ಸಚಿವ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳ ಮಿನಾರ್ ಇಂದಿಗೂ ನಿಂತಿದೆ. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿಯೇ ಮುಸ್ಲಿಮೀನ್ ಆರಂಭವಾಯಿತು. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್-ಅಮೀನ್ ಸಂಸ್ಥೆಗೆ ಅಡಿಪಾಯ ಹಾಕಿದರು. ಇಂದು ನಮ್ಮ ಮಕ್ಕಳು ಕುಳಿತು ಓದುತ್ತಿರುವ ಅನೇಕ ತರಗತಿಗಳ ಹಿಂದೆ ಇಂಥವರ ಬೆವರಿದೆ.

ಹೆಣ್ಣುಮಕ್ಕಳ ವಿಚಾರ

ಹುಡುಗಿಗೆ ಹತ್ತು ಸಾಕು ಎನ್ನುವವರು ಧರ್ಮವನ್ನು ಆಧಾರವಾಗಿ ತರುತ್ತಾರೆ. ಇತಿಹಾಸ ಅವರ ಪರವಾಗಿಲ್ಲ. ಹಿಜರಿ ಐದನೆಯ ಶತಮಾನದಲ್ಲಿ ಕರೀಮಾ ಮರ್ವಝಿಯ್ಯಾ(ರ) ಮಕ್ಕಾದಲ್ಲಿ ಸಹೀಹ್ ಬುಖಾರಿಯನ್ನು ಬೋಧಿಸುತ್ತಿದ್ದರು. ಬಾಗ್ದಾದಿನ ಚರಿತ್ರೆಯನ್ನು ಬರೆದ ಖತೀಬ್ ಬಗ್ದಾದಿಯಂಥವರು ಅವರ ಬಳಿ ಕುಳಿತು ಕಲಿತರು. ಮುಂದಿನ ಶತಮಾನದ ಫಾತಿಮಾ ಸಮರ್ಕಂದಿ(ರ) ತಮ್ಮ ತಂದೆಯ ಬಳಿಯಲ್ಲೇ ಫಿಕ್‌ಹ್ ಕಲಿತರು. ಆ ಮನೆಯಿಂದ ಹೊರಡುತ್ತಿದ್ದ ಫತ್ವಾಗಳಲ್ಲಿ ತಂದೆಯ ಸಹಿಯೊಡನೆ ಅವರ ಸಹಿಯೂ ಇರುತ್ತಿತ್ತು. ವಿವಾಹಾನಂತರ ಪತಿ ಕಾಸಾನಿ(ರ)ಯವರ ಸಹಿಯೂ ಸೇರಿಕೊಂಡಿತು. ಮಗಳ ಓದು ಮನೆಯ ಗೌರವಕ್ಕೆ ಕುಂದೆಂದು ಆ ತಂದೆ ಭಾವಿಸಲಿಲ್ಲ.

ನಾವು ಮಾಡಬೇಕಾದುದು

ಪ್ರಿಯ ಹೆತ್ತವರೇ, ಹತ್ತನೆಯ ತರಗತಿಯ ಬಳಿಕ ದಾರಿ ಒಂದೇ ಅಲ್ಲ. ಪಿಯುಸಿ ಇದೆ, ಮೂರು ವರ್ಷಗಳ ಡಿಪ್ಲೊಮಾ ಇದೆ, ಐಟಿಐ ಇದೆ. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಲ್ಲಿ ಒಂದನ್ನು ಆರಿಸುವಾಗಲೇ ಮುಂದಿನ ಕೆಲವು ಬಾಗಿಲುಗಳು ಮುಚ್ಚುತ್ತವೆ. ವಾಣಿಜ್ಯವನ್ನಷ್ಟೇ ಓದಿದವನು ನೇರವಾಗಿ ನೀಟ್ ಬರೆದು ವೈದ್ಯನಾಗಲಾರ. ಡಿಪ್ಲೊಮಾ ಮುಗಿಸಿದವನಿಗಾದರೋ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಇದನ್ನೆಲ್ಲ ಅರ್ಜಿ ಹಾಕುವ ಮೊದಲೇ ವಿಚಾರಿಸಿ. ಐಟಿಐಯನ್ನು ಕೀಳಾಗಿ ಕಾಣಬೇಡಿ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿ ಕವಚ ತಯಾರಿಸಲು ಕಲಿಸಿದನೆಂದು ಕುರ್‌ಆನ್ ಹೇಳುತ್ತದೆ. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಹದೀಸ್‌ನಲ್ಲಿದೆ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಆಧಾರ್, ಅಂಕಪಟ್ಟಿ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂದು ನೋಡಿ. ಮುಹಮ್ಮದ್ ಎಂಬ ಹೆಸರೊಂದನ್ನೇ ನಾವು ನಾಲ್ಕು ಬಗೆಯಲ್ಲಿ ಬರೆಸಿರುತ್ತೇವೆ. ಕೊನೆಯ ದಿನದ ಆತಂಕಕ್ಕೆ ಅದೂ ಒಂದು ಕಾರಣ. ಶಾಫಿಈಯವರು ಮದೀನಾಕ್ಕೆ ಹೊರಡುವ ಮೊದಲು ಮಾಡಿಕೊಂಡ ಸಿದ್ಧತೆಯಲ್ಲಿ ಇಂಥ ಸಣ್ಣ ವಿಷಯಗಳಿಗೂ ಪಾಠವಿದೆ.

ಜಮಾಅತ್ ಕಮಿಟಿಗಳಲ್ಲಿ ನನ್ನ ವಿನಂತಿ ಒಂದೇ. ಫಲಿತಾಂಶ ಬಂದ ಮೊದಲ ಶುಕ್ರವಾರ, ಜುಮಾದ ಬಳಿಕ, ಮೊಹಲ್ಲಾದಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರು, ಎಷ್ಟು ಮಕ್ಕಳು ಅನುತ್ತೀರ್ಣರಾದರು, ಯಾರು ಮುಂದೆ ಓದುತ್ತಿಲ್ಲ, ಏಕೆ ಎಂದು ಒಂದು ಪಟ್ಟಿ ಮಾಡಿ. ಇಮಾಮ್ ಅಬೂ ಹನೀಫಾ(ರ) ಕೇಳಿದ ಪ್ರಶ್ನೆ ಅದೇ.

ನನ್ನ ಬಳಿಗೆ ಬಂದಿದ್ದ ಆ ತಂದೆ ಅಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಬಳಿಕ ಮಗನ ಕಡೆ ತಿರುಗಿ, "ನಿನಗೇನು ಓದಬೇಕು?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ಅವನಿಗೆ ಕೇಳಿದ್ದು ಅದೇ ಮೊದಲು ಎಂದು ಹುಡುಗನ ಮುಖ ಹೇಳುತ್ತಿತ್ತು. ಮೊದಲ ವರ್ಷದ ಶುಲ್ಕವನ್ನು ಮಸೀದಿಯ ನಾಲ್ವರು ಹಂಚಿಕೊಂಡರು. ಅವನೀಗ ಡಿಪ್ಲೊಮಾ ಓದುತ್ತಿದ್ದಾನೆ, ರಜೆಯಲ್ಲಿ ತಂದೆಯೊಡನೆ ಕೆಲಸಕ್ಕೂ ಹೋಗುತ್ತಾನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ನಮಗೆ ಅವರ ಮನಸ್ಸನ್ನು ಕೇಳುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.