ಪುಸ್ತಕವನ್ನು ಓದಿದ ರಾಯಭಾರಿ

ರಾಯಭಾರಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಔತಣಕೂಟ, ಮೆರುಗಿನ ಉಡುಪು, ನಯವಾದ ಮಾತು. ಆದರೆ ಆತನ ನಿಜವಾದ ಕೆಲಸ ಬರೆಯುವ ಮೇಜಿನ ಮುಂದಿರುತ್ತದೆ. ಕಂಡದ್ದನ್ನು ಕಂಡಂತೆ ತನ್ನ ಸರ್ಕಾರಕ್ಕೆ ಬರೆದು ತಿಳಿಸುವುದೇ ಆ ಕೆಲಸ. ಅದನ್ನು ನಿಷ್ಠೆಯಿಂದ ಮಾಡಿಯೂ ಫಲ ಕಾಣದೆ ಹೋದ ಬ್ರಿಟಿಷ್ ರಾಯಭಾರಿ ಸರ್ ಹೊರೇಸ್ ರಂಬೋಲ್ಡರ ವಿಷಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

1869ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ರಂಬೋಲ್ಡರಿಗೆ ರಾಯಭಾರವು ತಂದೆಯಿಂದ ಬಂದ ವೃತ್ತಿ. 1914ರ ಜುಲೈ ತಿಂಗಳಲ್ಲಿ ಬರ್ಲಿನ್ನಿನ ರಾಯಭಾರ ಕಚೇರಿಯಲ್ಲಿದ್ದ ಅವರು ಮೊದಲ ಮಹಾಯುದ್ಧ ಹೊತ್ತಿಕೊಂಡುದನ್ನು ಹತ್ತಿರದಿಂದ ಕಂಡರು. ಮುಂದೆ ಸ್ವಿಟ್ಸರ್‌ಲೆಂಡ್, ಪೋಲೆಂಡ್, ಕಾನ್‌ಸ್ಟಾಂಟಿನೋಪಲ್, ಮ್ಯಾಡ್ರಿಡ್‌ಗಳಲ್ಲಿ ಸೇವೆ ಸಲ್ಲಿಸಿದರು. 1923ರ ಲೊಸಾನ್ ಒಪ್ಪಂದಕ್ಕೆ ಬ್ರಿಟನ್ನಿನ ಪರವಾಗಿ ಸಹಿ ಹಾಕಿದವರೂ ಅವರೇ. 1928ರಲ್ಲಿ ರಾಯಭಾರಿಯಾಗಿ ಮರಳಿ ಬರ್ಲಿನ್ನಿಗೆ ಬಂದರು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಅಧಿಕಾರದ ಹೊಣೆ ಬಿದ್ದ ಮೇಲೆ ಆತ ಮೆತ್ತಗಾದಾನೆಂದು ಅನೇಕರು ನಂಬಿದರು. ರಂಬೋಲ್ಡರು ಮಾತ್ರ, ಆತನೇ ಬರೆದು 1925-26ರಲ್ಲಿ ಅಚ್ಚಾಗಿದ್ದ 'ಮೈನ್ ಕಾಂಫ್' ಗ್ರಂಥವನ್ನು ಮುಂದಿಟ್ಟುಕೊಂಡರು. ಆಗ ಅದಕ್ಕೆ ಇಂಗ್ಲಿಷ್ ಅನುವಾದವೂ ಇರಲಿಲ್ಲ. ಏಪ್ರಿಲ್ 26ರಂದು ಲಂಡನ್ನಿಗೆ ಅವರು ಕಳುಹಿದ ದೀರ್ಘ ವರದಿಯ ಸಾರ ಇಷ್ಟು: ಈತನ ಕಣ್ಣಿಗೆ ಮನುಷ್ಯ ಹೋರಾಡುವ ಪ್ರಾಣಿ, ರಾಷ್ಟ್ರವೆಂದರೆ ಹೋರಾಟದ ಪಡೆ. ಸಾಕಷ್ಟು ಬಲ ಕೂಡುವವರೆಗೆ ಶಾಂತಿಯ ಮಾತನಾಡಿ ನೆರೆಯವರನ್ನು ಮೈಮರೆಸುತ್ತಾನೆ. ಬರೆದುದನ್ನು ಆತ ಕೈಬಿಟ್ಟಿದ್ದಾನೆಂದು ಭಾವಿಸುವುದು ತಪ್ಪು.

ಪಠ್ಯಗಳ ನಡುವೆಯೇ ಆಯುಸ್ಸು ಕಳೆದ ನನಗೆ ಇಲ್ಲಿ ಬೆರಗೆನಿಸುವುದು ಭವಿಷ್ಯಜ್ಞಾನವಲ್ಲ, ಓದುವ ಶಿಸ್ತು. ಒರಟು ಬರಹವೆಂದು ಇತರರು ಬದಿಗೆ ಸರಿಸಿದ ಪುಸ್ತಕದಲ್ಲಿ, ಬರೆದವನು ಹೇಳಿದುದನ್ನೇ ಹೇಳಿದ್ದಾನೆಂದು ರಂಬೋಲ್ಡರು ಒಪ್ಪಿಕೊಂಡರು.

ವರದಿಯನ್ನು ಯಾರೂ ಮುಚ್ಚಿಡಲಿಲ್ಲ. ಪ್ರಧಾನಿ ಮ್ಯಾಕ್‌ಡೊನಾಲ್ಡರೂ ಓದಿದರು. ಆದರೆ ಒಂದು ತಲೆಮಾರಿನ ಮಕ್ಕಳನ್ನು ಯುದ್ಧಕ್ಕೆ ತೆತ್ತಿದ್ದ ನಾಡಿಗೆ ಮತ್ತೊಂದು ಯುದ್ಧವನ್ನು ನಂಬುವ ಶಕ್ತಿಯಿರಲಿಲ್ಲ. ಅದನ್ನು ಹೇಡಿತನವೆಂದು ಜರೆಯಲು ನನ್ನ ಮನಸ್ಸು ಒಪ್ಪದು. ಆ ಬೇಸಿಗೆಯಲ್ಲೇ ರಂಬೋಲ್ಡರು ನಿವೃತ್ತರಾಗಿ ಬರ್ಲಿನ್ ಬಿಟ್ಟರು. 1937ರಲ್ಲಿ ಅದೇ ಸ್ಥಾನಕ್ಕೆ ಬಂದ ನೆವಿಲ್ ಹೆಂಡರ್‌ಸನ್ನರು ಹಿಟ್ಲರನನ್ನು ಒಲಿಸಿಕೊಳ್ಳಬಹುದೆಂದು ನಂಬಿ ದುಡಿದರು. 1938ರಲ್ಲಿ ಮ್ಯೂನಿಕ್ ಒಪ್ಪಂದವಾಯಿತು. ಕೊನೆಗೆ 1939ರ ಸೆಪ್ಟೆಂಬರ್ 3ರ ಬೆಳಗ್ಗೆ ಜರ್ಮನಿಗೆ ಅಂತಿಮ ಎಚ್ಚರಿಕೆಯ ಪತ್ರ ಒಪ್ಪಿಸುವ ಪಾಲು ಅದೇ ಹೆಂಡರ್‌ಸನ್ನರದಾಯಿತು. ರಂಬೋಲ್ಡರು 1941ರಲ್ಲಿ, ತಾವು ಬರೆದು ಎಚ್ಚರಿಸಿದ್ದ ಯುದ್ಧದ ನಡುವೆಯೇ, ತೀರಿಕೊಂಡರು.

ನಮ್ಮ ಭಾರತದ ಕಥೆಯಲ್ಲೂ ಸಂಜಯ ಪಾಂಡವರಲ್ಲಿಗೆ ಹೋಗಿ ಬಂದು ಇದ್ದುದನ್ನು ಇದ್ದಂತೆಯೇ ಹೇಳಿದ. ಧೃತರಾಷ್ಟ್ರ ಅದನ್ನು ಕೇಳಿಯೂ ಕೇಳಿದ. ಆ ರಾತ್ರಿ ಆತನಿಗೆ ನಿದ್ದೆಯೂ ಬರಲಿಲ್ಲ. ಆದರೂ ಮಗನನ್ನು ತಡೆಯಲಿಲ್ಲ. ದೂತನ ಧರ್ಮ ಹೇಳುವುದರಲ್ಲಿ ಮುಗಿಯುತ್ತದೆ; ಕೇಳಿದವನ ಧರ್ಮ ಅಲ್ಲಿಂದ ಮೊದಲಾಗುತ್ತದೆ.