ಮಾಂಟ್‌ಫೋರ್ಡ್ ಪಾಯಿಂಟಿನ ಫೋಟೋಗಳು, ಬೆಳಗಾವಿಯ ಮಹಾರ್ ಪಲ್ಟನ್

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಎರಡನೇ ಮಹಾಯುದ್ಧದ ಕಾಲದ ಒಂದು ಫೋಟೋ ಇದೆ. ಮರೀನ್ ಸಮವಸ್ತ್ರ ಹಾಕ್ಕೊಂಡು ನಗ್ತಾ ನಿಂತಿರೋ ಒಬ್ಬ ಕಪ್ಪು ಯುವಕ. ಹೆಸರು ಹೊವಾರ್ಡ್ ಪೆರ್ರಿ. ಅಮೆರಿಕ ಸರ್ಕಾರ ಆ ಫೋಟೋ ಕೆಳಗೆ ಹಾಕಿದ ವಿವರಣೆಯ ತಾತ್ಪರ್ಯ ಇಷ್ಟು: 167 ವರ್ಷಗಳ ಸಂಪ್ರದಾಯ ಮುರಿದು ಮರೀನ್ ದಳ 1942ರ ಜೂನ್ 1ರಿಂದ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿದೆ.

'ಸಂಪ್ರದಾಯ' ಅನ್ನೋ ಪದ ಗಮನಿಸಿದ್ರಾ? ಮನುಷ್ಯರನ್ನು ಹೊರಗಿಟ್ಟಿದ್ದಕ್ಕೆ ಅವರೂ ಸಂಪ್ರದಾಯ ಅಂತಲೇ ಕರೆದರು. ಈ ಪದ ನಮಗೆ ಹೊಸದಲ್ಲ. ದೇವಸ್ಥಾನದ ಬಾಗಿಲಲ್ಲಿ, ಹೋಟೆಲಿನ ಬೇರೆ ಲೋಟದಲ್ಲಿ ಇದನ್ನೇ ಕೇಳ್ಕೊಂಡು ಬಂದಿದ್ದೀವಿ.

ಆ ಬಾಗಿಲು ತಾನಾಗಿ ತೆರೆಯಲಿಲ್ಲ. 1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್, ಕಪ್ಪು ಜನರನ್ನು ಸೇರಿಸಿ ವಾಷಿಂಗ್ಟನ್ನಿಗೆ ಮೆರವಣಿಗೆ ತರ್ತೀನಿ ಅಂತ ಎಚ್ಚರಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಜೂನ್ 25ರಂದು 8802ನೇ ಆದೇಶಕ್ಕೆ ಸಹಿ ಹಾಕಿದರು. ರಕ್ಷಣಾ ಕೈಗಾರಿಕೆ ಮತ್ತು ಸರ್ಕಾರಿ ಉದ್ಯೋಗದಲ್ಲಿ ಜನಾಂಗ ತಾರತಮ್ಯ ಮಾಡಬಾರದು ಅಂತ ಆಯ್ತು. ಆಮೇಲೂ ಮರೀನ್ ದಳ ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದು. ಎರಡೂವರೆ ಲಕ್ಷ ಕಪ್ಪು ಜನರಿಗಿಂತ ಐದು ಸಾವಿರ ಬಿಳಿಯರೇ ಮೇಲು ಅನ್ನೋ ಅರ್ಥದ ಮಾತಾಡಿದ್ದು ಯಾರೋ ದಾರಿಹೋಕ ಅಲ್ಲ, ಆ ದಳದ ಮುಖ್ಯಸ್ಥ ಥಾಮಸ್ ಹಾಲ್ಕಂಬ್.

ಸೇರಿಸಿಕೊಂಡರು, ಆದ್ರೆ ಬೇರೆ ಕೇರಿಯಲ್ಲಿಟ್ಟರು. ನಾರ್ತ್ ಕರೊಲಿನಾದ ದೊಡ್ಡ ನೆಲೆ ಕ್ಯಾಂಪ್ ಲೆಜೂನ್ ಬಿಳಿಯರಿಗೆ. ಅದರ ಒಂದು ಮೂಲೆಯ ಮಾಂಟ್‌ಫೋರ್ಡ್ ಪಾಯಿಂಟ್ ಕಪ್ಪು ಜನರಿಗೆ. ಬಿಳಿ ಮರೀನ್ ಒಬ್ಬ ಜೊತೆಗಿಲ್ಲದೆ ಇವರು ಮುಖ್ಯ ನೆಲೆಯೊಳಗೆ ಕಾಲಿಡುವಂತಿರಲಿಲ್ಲ. 1942ರಿಂದ 1949ರವರೆಗೆ ಸುಮಾರು 20 ಸಾವಿರ ಜನ ಇಲ್ಲೇ ತರಬೇತಿ ಪಡೆದರು.

ಈಗ ಶಿಬಿರದ ಫೋಟೋಗಳಿಗೆ ಬರೋಣ. ಯುದ್ಧ ಮಾಹಿತಿ ಕಚೇರಿ 1943ರಲ್ಲಿ ರೋಜರ್ ಸ್ಮಿತ್ ಅನ್ನೋ ಕಪ್ಪು ಛಾಯಾಗ್ರಾಹಕನಿಂದಲೇ ಇಲ್ಲಿ ಚಿತ್ರ ತೆಗೆಸಿತು. 1945ರ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿ ತರಬೇತುದಾರ ಘಾಜ್ಲೋ, ಜೋನ್ಸ್ ಅನ್ನೋ ಸೈನಿಕನ ಜೊತೆ ನಿರಾಯುಧ ಕಾಳಗದ ಪಟ್ಟು ತೋರಿಸ್ತಿದ್ದಾನೆ. ಕಲಿಸೋನೂ ಕಪ್ಪು, ಕಲಿಯೋನೂ ಕಪ್ಪು. ಶುರುವಿನಲ್ಲಿ ಡ್ರಿಲ್ ಹೇಳಿಕೊಡ್ತಿದ್ದವರು ಬಿಳಿಯರು. 1943ರ ಮಧ್ಯದ ಹೊತ್ತಿಗೆ ಆ ಕೆಲಸ ಪೂರ್ತಿ ಕಪ್ಪು ಇನ್‌ಸ್ಟ್ರಕ್ಟರ್‌ಗಳ ಕೈಗೆ ಬಂತು. ಅವರಲ್ಲಿ ಹೆಸರಾದವರು ಗಿಲ್ಬರ್ಟ್ ಜಾನ್ಸನ್. ಹಿಂದೆ ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಊಟ ಬಡಿಸೋ ಕೆಲಸ ಮಾಡಿದ್ದವರು. 1974ರಲ್ಲಿ ಆ ಶಿಬಿರಕ್ಕೇ ಅವರ ಹೆಸರಿಟ್ಟರು.

ಈ ಚಿತ್ರಗಳು ಸುಳ್ಳಲ್ಲ, ಆದ್ರೆ ಪೂರ್ತಿ ನಿಜವೂ ಅಲ್ಲ. ಸರ್ಕಾರಕ್ಕೆ ಪ್ರಚಾರ ಬೇಕಿತ್ತು. ಹಾಗಾಗಿ ಚೌಕಟ್ಟಿನ ಒಳಗೆ ಇಸ್ತ್ರಿ ಮಾಡಿದ ಸಮವಸ್ತ್ರ, ನೆಟ್ಟಗಿನ ಸಾಲು. ರಜೆ ಸಿಕ್ಕಿ ಊರಿಗೆ ಹೊರಟ ಅದೇ ಸೈನಿಕ ಬಸ್ಸಿನ ಹಿಂದಿನ ಸೀಟಿಗೆ ಹೋಗಬೇಕಿದ್ದದ್ದು ಚೌಕಟ್ಟಿನ ಹೊರಗೆ. ಅದೇ 1943ರಲ್ಲಿ ಗಾರ್ಡನ್ ಪಾರ್ಕ್ಸ್ ಮಿಶಿಗನ್ನಿನ ಸೆಲ್ಫ್‌ರಿಡ್ಜ್ ನೆಲೆಯಲ್ಲಿ ಕಪ್ಪು ಪೈಲಟ್‌ಗಳ ಚಿತ್ರ ತೆಗೆದರು. ಅವರ ಜೊತೆ ಯುದ್ಧಭೂಮಿಗೆ ಹೊರಟಾಗ ಅಧಿಕಾರಿಗಳು ತಡೆದರು. ತರಬೇತಿಯ ಚಿತ್ರ ಆಗಬಹುದು, ಪರಾಕ್ರಮದ ಚಿತ್ರ ಬೇಡ ಅಂದಂಗಾಯ್ತು.

ಪರಾಕ್ರಮಕ್ಕೇನೂ ಕಮ್ಮಿ ಇರಲಿಲ್ಲ. ಮಾಂಟ್‌ಫೋರ್ಡ್‌ನಿಂದ ಹೋದ ಬಹುಪಾಲು ಜನರಿಗೆ ಕೊಟ್ಟದ್ದು ಮದ್ದುಗುಂಡು ಹೊರೋ ಕೆಲಸ, ಸಾಮಾನು ಇಳಿಸೋ ಕೆಲಸ. 1944ರ ಜೂನ್‌ನಲ್ಲಿ ಸೈಪಾನ್ ದ್ವೀಪದ ದಡದಲ್ಲಿ ಆ ಹಮಾಲರೇ ಬಂದೂಕು ಹಿಡಿದು ಕಾದಾಡಿದರು. ಇವೋ ಜಿಮಾ ಬೆಟ್ಟದ ಮೇಲೆ ಬಾವುಟ ನೆಡೋ ಫೋಟೋ ಎಲ್ಲರೂ ನೋಡಿದ್ದೀರಿ. ಅದೇ ದ್ವೀಪದ ಮರಳಲ್ಲಿ ಕಪ್ಪು ಮರೀನ್‌ಗಳೂ ಗುಂಡಿನ ಮಳೆಯಲ್ಲಿ ಮದ್ದು ಹೊರುತ್ತಿದ್ದರು. ಆ ಫೋಟೋ ಯಾರ ಕಣ್ಣಲ್ಲಿದೆ? ಸೇನೆಯಲ್ಲಿ ಸಮಾನ ಅವಕಾಶದ ಆದೇಶ ಬಂದದ್ದು 1948ರಲ್ಲಿ. ಸಂಸತ್ತಿನ ಚಿನ್ನದ ಪದಕ ಕೈಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು.

ಇನ್ನು ನಮ್ಮ ಕಡೆ ನೋಡಿ. 1818ರಲ್ಲಿ ಕೋರೆಗಾಂವ್‌ನಲ್ಲಿ ಕಾದಾಡಿದ ಮಹಾರರಿಗೆ 1890ರ ದಶಕದಲ್ಲಿ ಬ್ರಿಟಿಷರು ಸೇನೆಯ ಬಾಗಿಲು ಹಾಕಿದರು. 'ಕ್ಷಾತ್ರ ಜನಾಂಗ' ಅಂತ ಒಂದು ಸಿದ್ಧಾಂತ ಕಟ್ಟಿ, ಇವರು ಆ ಪಟ್ಟಿಯಲ್ಲಿಲ್ಲ ಅಂದ್ರು. ಗೋಪಾಳ ಬಾಬಾ ವಲಂಗಕರ್ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ, 1917ರಲ್ಲಿ, 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗೀತು, 1921ರಲ್ಲಿ ವಿಸರ್ಜಿಸಿದರು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟ್ ಕೂಡ ಅಷ್ಟೇ, 1946ಕ್ಕೆ ಮುಗಿಸಿದರು. ಬೇಕಾದಾಗ ಕರಿ, ಬೇಡವಾದಾಗ ಕಳಿಸು.

1941ರಲ್ಲಿ ಬಾಬಾಸಾಹೇಬರು ವೈಸ್‌ರಾಯರ ರಾಷ್ಟ್ರೀಯ ರಕ್ಷಣಾ ಮಂಡಳಿ ಸೇರಿದರು, ಮಹಾರರಿಗೆ ತಮ್ಮದೇ ರೆಜಿಮೆಂಟ್ ಬೇಕು ಅಂತ ಒತ್ತಾಯಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತದ್ದು ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಅವರ ಟೋಪಿ ಬಿಲ್ಲೆಯ ಮೇಲೆ ಕೋರೆಗಾಂವ್ ಸ್ತಂಭ ಇತ್ತು. ಆಮೇಲೆ ಆ ಸ್ತಂಭ ಹೋಗಿ ಕಠಾರಿ ಬಂತು.

"ಬ್ರಿಟಿಷರ ಚಾಕರಿ ಮಾಡಿದ್ದನ್ನ ಹೆಮ್ಮೆ ಅಂತೀರಲ್ಲ" ಅಂತ ಕೆಲವರು ಕೆಣಕ್ತಾರೆ. ಅದೇ ಸೈನ್ಯದಲ್ಲಿ ಎಲ್ಲಾ ಜಾತಿಯವರೂ ಸಂಬಳ ತಗೊಂಡಿದ್ದಾರೆ. ಪ್ರಶ್ನೆ ನಮಗೆ ಮಾತ್ರ ಯಾಕೆ? ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡಿನಲ್ಲಿ. ಊರಿನ ಶಾಲೆ ಹೊರಗೆ ಕೂರಿಸಿದ ಜನಕ್ಕೆ ಅಕ್ಷರ, ಸಂಬಳ, ಪಿಂಚಣಿ ಕೊಟ್ಟದ್ದು ಆ ಸಮವಸ್ತ್ರ. ಬಾಗಿಲು ಹಾಕಿದಾಗ ಹೋದದ್ದು ಬರೀ ಬಂದೂಕಲ್ಲ, ಪಾಟಿ ಬಳಪ ಕೂಡ. ಇಂಗ್ಲಿಷರ ಮೇಲೆ ನನಗೇನೂ ಭಕ್ತಿ ಇಲ್ಲ. ಅವರು ನಮ್ಮನ್ನ ಬಳಸಿದರು, ಬಿಸಾಡಿದರು. ಎರಡನ್ನೂ ಬರೆಯೋಣ.

ಕಚೇರಿಯಲ್ಲಿ ಗುಮಾಸ್ತನಾಗಿ ಕಡತದ ಮಧ್ಯೆಯೇ ಬದುಕೋ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕಡತದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಅಂತಾರೆ. ಹೊವಾರ್ಡ್ ಪೆರ್ರಿ ಉಳಿದದ್ದು ಫೋಟೋ ಕೆಳಗೆ ಹೆಸರು ಇದ್ದದ್ದರಿಂದ. ಹೆಸರಿಲ್ಲದ ಫೋಟೋ ಮೂರನೇ ತಲೆಮಾರಿಗೆ 'ಯಾರೋ ಸಿಪಾಯಿ' ಆಗಿಬಿಡುತ್ತೆ.

ಅದಕ್ಕೆ ಒಂದು ವಿನಂತಿ. ನಿಮ್ಮ ಅಜ್ಜ, ಮುತ್ತಜ್ಜ ಬೆಳಗಾವಿಯಲ್ಲೋ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲೋ ಇದ್ದರೆ ಟ್ರಂಕು ತೆಗೆದು ನೋಡಿ. ಫೋಟೋ, ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ, ಏನಿದ್ರೂ ಮೊಬೈಲಲ್ಲಿ ಸ್ಕ್ಯಾನ್ ಮಾಡಿ. ಮನೆಯ ಹಿರಿಯರನ್ನು ಕೂರಿಸ್ಕೊಂಡು ಹೆಸರು, ಊರು, ವರ್ಷ ಕೇಳಿ. ಫೋಟೋ ಹಿಂದೆ ಪೆನ್ನಲ್ಲಿ ಬೇಡ, ಪೆನ್ಸಿಲ್ಲಲ್ಲಿ ಮೆಲ್ಲಗೆ ಬರೀರಿ. ಇವತ್ತೇ ಮಾಡಿ, ಗುರುತು ಹಿಡಿಯೋ ಕಣ್ಣುಗಳು ಒಂದೊಂದಾಗಿ ಮುಚ್ಚಿಕೊಳ್ತಿವೆ.

ಜೈ ಭೀಮ್.