ಬಿರುದು ಬಿನ್ನಹವಾದ ಬಗೆ: ‘ಅನಿವಾರ್ಯ’ ಪದದ ಅರ್ಥಚರಿತ್ರೆ

ಬಳ್ಳಾರಿಯ ಸಭಾಭವನವೊಂದರ ಬಾಗಿಲಿಗೆ ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮವನ್ನು ಮುಂದೂಡಲಾಗಿದೆ’ ಎಂಬ ಚೀಟಿ ಅಂಟಿಸಿದ್ದರೆ ಅದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಇಂಗ್ಲಿಷಿನ ‘ಇನೆವಿಟಬಲ್’ ಪದಕ್ಕೆ ಕನ್ನಡ ಒಪ್ಪಿಕೊಂಡಿರುವ ಸಾಟಿ ಈ ‘ಅನಿವಾರ್ಯ’. ಆದರೆ ಎರಡರ ನಡೆ ಬೇರೆ. ಇಂಗ್ಲಿಷಿನ ಪದ ಸಾವು, ಸೋಲು, ಬದಲಾವಣೆಯಂಥ ಘಟನೆಗೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ‘ನನಗೆ ಅನಿವಾರ್ಯ’, ‘ಅವರಿಗೆ ಅನಿವಾರ್ಯವಾಯಿತು’ ಎಂದು ಚತುರ್ಥಿ ವಿಭಕ್ತಿ ಸೇರಿಸಿ ಮನುಷ್ಯನಿಗೇ ಅಂಟಿಸುತ್ತೇವೆ. ‘ಪಕ್ಷಕ್ಕೆ ಈ ನಾಯಕ ಅನಿವಾರ್ಯ’ ಎಂಬಲ್ಲಿ ಅರ್ಥ ಇನ್ನೂ ಸರಿದು, ಅವನಿಲ್ಲದೆ ನಡೆಯದು ಎಂದಾಗುತ್ತದೆ. ತಡೆಯಲಾಗದ ಸಂಗತಿಯನ್ನು ಹೇಳಬೇಕಿದ್ದ ಪದ ಹೀಗೆ ಮನುಷ್ಯನ ಅಸಹಾಯಕತೆಯನ್ನು ಹೇಳತೊಡಗಿದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಲ್ಯಾಟಿನ್ ಮೂಲದ ಇಂಗ್ಲಿಷ್ ಪದದೊಳಗೆ ಇರುವುದು ತಪ್ಪಿಸಿಕೊಳ್ಳುವ ಕ್ರಿಯೆ. ಸಂಸ್ಕೃತದ ‘ಅನಿವಾರ್ಯ’ದೊಳಗೆ ಇರುವುದು ತಡೆಯುವ ಕ್ರಿಯೆ, ಅಂದರೆ ನಿವಾರಣೆ. ಒಂದರಲ್ಲಿ ಓಡುವವನಿದ್ದಾನೆ, ಇನ್ನೊಂದರಲ್ಲಿ ಅಡ್ಡ ನಿಲ್ಲುವವನು. ಕನ್ನಡ ನಾಡಿನಲ್ಲಿ ಈ ಪದಕುಲ ಮೊದಲು ಮೆರೆದದ್ದು ಹೊಗಳಿಕೆಯಾಗಿ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನಿಗೆ ‘ಅನಿವಾರಿತ’ ಎಂಬ ಬಿರುದಿತ್ತು. ಎಂಟನೇ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡನನ್ನು ಅಲ್ಲಿನ ಶಾಸನ ‘ಅನಿವಾರಿತಾಚಾರಿ’ ಎನ್ನುತ್ತದೆ. ಯಾರೂ ತಡೆಯಲಾರದ ಅರಸ, ಅವನ ಹೆಸರು ಹೊತ್ತ ಶಿಲ್ಪಿ. ‘ಅನಿವಾರಿತ’ವೂ ‘ಅನಿವಾರ್ಯ’ವೂ ಒಂದೇ ರೂಪವಲ್ಲ ಎಂದು ವೈಯಾಕರಣರು ಆಕ್ಷೇಪಿಸಬಹುದು. ನಿಜ, ಒಂದು ತಡೆಯಲ್ಪಡದವನು, ಇನ್ನೊಂದು ತಡೆಯಲಾಗದ್ದು. ಆದರೆ ಧಾತು ಒಂದೇ, ಎರಡರಲ್ಲೂ ಬಲ ಇರುವುದು ಮುನ್ನುಗ್ಗುವ ಕಡೆಗೆ. ಸಾವಿನಂಥ ಸಂಗತಿಗೆ ಸಂಸ್ಕೃತದಲ್ಲಿ ಬೇರೆ ಪದವೂ ಇತ್ತು. ಭಗವದ್ಗೀತೆಯ ಎರಡನೇ ಅಧ್ಯಾಯ ಹುಟ್ಟುಸಾವಿನ ಮಾತಿನಲ್ಲಿ ಬಳಸುವುದು ‘ಅಪರಿಹಾರ್ಯ’ವನ್ನು. ಮರಾಠಿ ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದೆ. ಕನ್ನಡ ವೀರರ ಪದವನ್ನು ಆಯ್ದುಕೊಂಡು, ಅದರಿಂದ ಸೋತವರ ಮಾತನ್ನು ಆಡಿಸಿತು.

ಈ ಹೊರಳಿಗೆ ಆಡಳಿತದ ಇಂಗ್ಲಿಷ್ ದೊಡ್ಡ ಕಾರಣ ಎಂದು ನನ್ನ ಅಂದಾಜು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಬಳ್ಳಾರಿ ಸೀಮೆ ಇಂಗ್ಲಿಷಿಗೂ ಕನ್ನಡಕ್ಕೂ ಮೊದಮೊದಲು ಮುಖಾಮುಖಿಯಾದ ನೆಲಗಳಲ್ಲಿ ಒಂದು. ಲಂಡನ್ ಮಿಷನ್ನಿನವನಾಗಿ ಬಳ್ಳಾರಿಯಲ್ಲಿ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ. ಪದಕ್ಕೆ ಪದ ಜೋಡಿಸುವ ಈ ಕೆಲಸದ ಜೊತೆಗೇ ಹುಕುಂ, ವರದಿ, ಅರ್ಜಿಗಳ ಭಾಷೆಯೂ ಬೆಳೆಯಿತು. ಕರ್ತೃವನ್ನು ಮರೆಮಾಡಿ ‘ಮುಂದೂಡಲಾಗಿದೆ’ ಎನ್ನುವ ವಾಕ್ಯಕ್ಕೆ ಒಪ್ಪುವಂಥ ಕಾರಣವೊಂದು ಬೇಕಾಗುತ್ತದೆ. ‘ಅನಿವಾರ್ಯ’ ಆ ಜಾಗದಲ್ಲಿ ಕುಳಿತಿತು.

ಇದು ಬರಿಯ ಕಚೇರಿಯ ಮಾತು, ಸಿರುಗುಪ್ಪದ ಗದ್ದೆಯಲ್ಲಿ, ಕುರುಗೋಡಿನ ಸಂತೆಯಲ್ಲಿ ಯಾರೂ ಹೀಗೆ ಆಡುವುದಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಅಲ್ಲಿ ಕೇಳಿಬರುವುದು ‘ತಪ್ಪಿದ್ದಲ್ಲ’, ‘ಬ್ಯಾರೆ ದಾರಿ ಇಲ್ಲ’. ಪಕ್ಕದ ತೆಲುಗಿನ ‘ತಪ್ಪದು’ ಕೂಡ ಅದೇ ಬೇರಿನದು, ಎರಡೂ ಭಾಷೆ ಆಡುವ ಈ ಊರುಗಳಲ್ಲಿ ಅದು ಪರಕೀಯವಲ್ಲ. ಆದರೆ ಈ ಆಕ್ಷೇಪ ನನ್ನ ವಾದಕ್ಕೇ ಒದಗುತ್ತದೆ. ‘ತಪ್ಪಿದ್ದಲ್ಲ’ ಎಂದವರು ಏನು ತಪ್ಪದು ಎಂದು ಹೇಳಿರುತ್ತಾರೆ. ‘ಬ್ಯಾರೆ ದಾರಿ ಇಲ್ಲ’ ಎಂದವರು ದಾರಿ ಹುಡುಕಿರುತ್ತಾರೆ. ‘ಅನಿವಾರ್ಯ ಕಾರಣ’ ಮಾತ್ರ ಕಾರಣವನ್ನು ಹೇಳದೆಯೇ ಕಾರಣವೆನಿಸಿಕೊಳ್ಳುತ್ತದೆ.

ಪದದ ಮೂಲಾರ್ಥ ಇಂದಿನ ಬಳಕೆಯನ್ನು ಕಟ್ಟಿಹಾಕಲಾರದು ಎಂದೂ ಹೇಳಬಹುದು. ಒಪ್ಪುತ್ತೇನೆ. ಆದರೆ ಇಲ್ಲಿ ಮೂಲಾರ್ಥ ಸತ್ತಿಲ್ಲ. ‘ಬರ ನಿವಾರಣೆ’, ‘ನೋವು ನಿವಾರಕ’ ಎಂದು ದಿನವೂ ಆಡುತ್ತೇವೆ. 1876–78ರ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿತು. ಜನ ಅದನ್ನು ಸಂವತ್ಸರದ ಹೆಸರಿನಿಂದ ಧಾತು ಬರ ಎಂದು ನೆನೆದರು. ಮಳೆ ತಪ್ಪಿದ್ದನ್ನು ಯಾರೂ ತಡೆಯುವಂತಿರಲಿಲ್ಲ. ಆದರೆ ವಿಜಯನಗರ ಕಾಲದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ಅದೇ ನೆಲದಲ್ಲಿದ್ದವು. ತುಂಗಭದ್ರೆಯ ನೀರನ್ನು ಈ ಸೀಮೆಗೆ ಹರಿಸುವ ಯೋಚನೆಯನ್ನು ಆರ್ಥರ್ ಕಾಟನ್ 1860ರ ಹೊತ್ತಿಗೇ ಮುಂದಿಟ್ಟಿದ್ದ. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಬರ ಅನಿವಾರ್ಯವೆನ್ನುವವರು ಈ ಎಂಬತ್ತೈದು ವರ್ಷಗಳ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಹಾಗೆಂದು ಪದವನ್ನೇ ಬಿಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಮೇಲೆ ಉಳಿದ ಗೇಟುಗಳನ್ನೂ ಎತ್ತಿ ನದಿಗೆ ನೀರು ಬಿಟ್ಟದ್ದು ನಿಜಕ್ಕೂ ಅನಿವಾರ್ಯ. ಒತ್ತಡ ಇಳಿಸದೆ ಮುರಿದ ಕಂಡಿಗೆ ತಡೆ ಕೂರಿಸುವಂತಿರಲಿಲ್ಲ. ಆದರೆ ಏಳು ದಶಕ ನೀರಿನ ಭಾರ ಹೊತ್ತ ಚೈನಿಗೂ ಅದೇ ಪದ ಸಲ್ಲುವುದಿಲ್ಲ. ‘ಅನಿವಾರ್ಯವಾಯಿತು’ ಎಂಬಲ್ಲಿನ ‘ಆಯಿತು’ ಒಂದು ಗಳಿಗೆಯನ್ನು ತೋರಿಸುತ್ತದೆ. ಭತ್ತದ ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂದು ಕಾಲುವೆಯ ಕೊನೇ ಭಾಗದಲ್ಲಿ ಕಾದಿರುವ ರೈತ ಕೇಳುವುದು ಆ ಗಳಿಗೆ ಯಾವುದು ಎಂದು: ಚೈನ್ ಹರಿದ ರಾತ್ರಿಯೋ, ಅದನ್ನು ಬದಲಿಸದೆ ಕಳೆದ ವರ್ಷಗಳೋ.